ಮಳೆಗಾಲದ ಒಂದು ದಿನಕ್ಕೆ ಬೊಲೋನ್ಯ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನವೆಂಬರ್ ಎರಡನೇ ವಾರ ಮಿಲಾನಿನಲ್ಲಿರುವ ಮಗಳ ಮನೆಗೆ ಹೋಗುತ್ತಿದ್ದೇವೆ. ಗಂಡ ಹೆಂಡತಿ ಇಬ್ಬರಿಗೂ ಅರುವತ್ತು ದಾಟಿದೆ. ಬೆಳಿಗ್ಗೆ ರೈಲಿನಲ್ಲಿ ಹೋಗಿ ರಾತ್ರಿಯೊಳಗೆ ವಾಪಸು ಬರುವ ಹಾಗೆ ಒಂದು ಹಳೆಯ ಊರು ನೋಡಬೇಕೆಂದಿದೆ. ಆಗ ಅಲ್ಲಿ ಮಳೆಯಂತೆ. ವೆನಿಸ್ ಆಗಬಹುದೇ?
– ಓದುಗರು, ಕದ್ರಿ, ಮಂಗಳೂರು

ಉತ್ತರ: ಮಳೆಯೆಂದಾದರೆ ವೆನಿಸ್ ಬಿಡಿ, ಬೊಲೋನ್ಯಕ್ಕೆ ಹೋಗಿ. ವೆನಿಸಿಗೆ ಹೋಗಲು ಸುಮಾರು ಎರಡೂವರೆ ಗಂಟೆ, ಬರಲು ಅಷ್ಟೇ. ನವೆಂಬರಿನಲ್ಲಿ ಅಲ್ಲಿ ಸಮುದ್ರವೂ ಉಕ್ಕುತ್ತದೆ. 2020ರಿಂದ ಅಳಿವೆಬಾಗಿಲಿನಲ್ಲಿ ತಡೆಗೇಟುಗಳು ಕೆಲಸ ಮಾಡುತ್ತಿವೆ ನಿಜ. ಆದರೂ ಒದ್ದೆ ಸೇತುವೆಗಳ ಮೆಟ್ಟಿಲು ಹತ್ತಿ ಇಳಿಯುವುದು ಮಂಡಿನೋವಿನವರಿಗೆ ಕಷ್ಟ. ಬೊಲೋನ್ಯ ಮಿಲಾನಿನಿಂದ ವೇಗದ ರೈಲಿನಲ್ಲಿ ಒಂದು ಗಂಟೆ ಚಿಲ್ಲರೆ, ಊರೊಳಗೆ ತಿರುಗಾಟವೆಲ್ಲ ಮಾಡಿನಡಿಯಲ್ಲೇ.

ಆ ಮಾಡಿಗೆ ಪೋರ್ಟಿಕೊ ಎನ್ನುತ್ತಾರೆ. ನಮ್ಮ ಹಳೆಯ ಮನೆಗಳ ಕಂಬದ ಜಗಲಿಯನ್ನು ಬೀದಿಯುದ್ದಕ್ಕೂ ಒಂದಕ್ಕೊಂದು ಜೋಡಿಸಿದರೆ ಹೇಗಿರುತ್ತದೋ ಹಾಗೆ. ಹಳೆಯ ಊರಿನೊಳಗೇ ಸುಮಾರು 38 ಕಿಲೋಮೀಟರ್ ಇದೆ. 2021ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ವಿಶ್ವವಿದ್ಯಾಲಯದಿಂದಾಗಿ ಊರು ಕಿಕ್ಕಿರಿದಾಗ ಜನ ಮಹಡಿಯ ಕೋಣೆಗಳನ್ನು ಬೀದಿಯ ಮೇಲಕ್ಕೆ ಚಾಚಿದರು, ಭಾರ ತಡೆಯಲು ಕೆಳಗೆ ಕಂಬ ಕೊಟ್ಟರು. 1288ರಲ್ಲಿ ನಗರದ ಕಾನೂನೇ ಹೊಸ ಮನೆಗೆ ಪೋರ್ಟಿಕೊ ಕಡ್ಡಾಯ ಮಾಡಿತು. ಜಾಗ ಮನೆಯವರದು, ನಡೆಯುವ ಹಕ್ಕು ಎಲ್ಲರದು, ಎತ್ತರ ಕುದುರೆ ಸವಾರ ದಾಟುವಷ್ಟು. ಮರದ ಕಂಬಗಳನ್ನು ಮುಂದೆ ಇಟ್ಟಿಗೆ ಕಲ್ಲಿಗೆ ಬದಲಾಯಿಸಿದರು, ಕೆಲವು ಮಾತ್ರ ಉಳಿದಿವೆ. ಸ್ತ್ರಾದಾ ಮಜ್ಜೊರೆ ಬೀದಿಯ ಇಜೊಲಾನಿ ಮನೆಯ ಎದುರು ನಿಂತು ಕತ್ತೆತ್ತಿ ನೋಡಿ: ಸುಮಾರು ಒಂಬತ್ತು ಮೀಟರ್ ಎತ್ತರದ ಓಕ್ ಕಂಬಗಳು ಕಪ್ಪಾಗಿ, ಉದ್ದುದ್ದ ಸೀಳು ಬಿಟ್ಟು, ಏಳುನೂರು ವರ್ಷದಿಂದ ಮನೆಯನ್ನು ಹೊತ್ತು ನಿಂತಿವೆ.

ಮಿಲಾನೊ ಚೆಂತ್ರಾಲೆಯಿಂದ ಎಂಟು ಗಂಟೆಯ ಆಸುಪಾಸಿನ ರೈಲು ಹಿಡಿಯಿರಿ. ಟಿಕೆಟ್ ಮೊದಲೇ ತೆಗೆದಷ್ಟೂ ಅಗ್ಗ, ಆದರೆ ಅಗ್ಗದ ಟಿಕೆಟ್ ಆ ಒಂದು ರೈಲಿಗೆ ಮಾತ್ರ. ಬೊಲೋನ್ಯದಲ್ಲಿ ವೇಗದ ರೈಲು ಹೆಚ್ಚಾಗಿ ನೆಲದಡಿಯ 16ರಿಂದ 19ನೇ ಪ್ಲಾಟ್‌ಫಾರ್ಮಿಗೆ ಬರುತ್ತದೆ. ಅಲ್ಲಿಂದ ಮೇಲೆ ಬರಲು ಹತ್ತು ನಿಮಿಷ ಬೇಕು. ಸಂಜೆ ವಾಪಸಾಗುವಾಗ ಈ ಹತ್ತು ನಿಮಿಷ ಮರೆತವರೇ ರೈಲು ತಪ್ಪಿಸಿಕೊಳ್ಳುವುದು. ನಿಲ್ದಾಣದಿಂದ ವಿಯಾ ಇಂದಿಪೆಂದೆನ್ಜಾ ಹಿಡಿದು ಇಪ್ಪತ್ತು ನಿಮಿಷ ನಡೆದರೆ ಮುಖ್ಯ ಚೌಕ ಪಿಯಾಜ್ಜಾ ಮಜ್ಜೊರೆ. ಪೋರ್ಟಿಕೊ ಉದ್ದಕ್ಕೂ ಇದೆ, ಅಡ್ಡರಸ್ತೆ ದಾಟುವಾಗ ಮಾತ್ರ ಕೊಡೆ.

ಸಾನ್ ಪೆತ್ರೋನಿಯೊ ಚರ್ಚನ್ನು ಬೆಳಿಗ್ಗೆಯೇ ಮುಗಿಸಿ. ಇಟಲಿಯ ಎಷ್ಟೋ ಚರ್ಚುಗಳು ಮಧ್ಯಾಹ್ನ ಮುಚ್ಚಿ ಮೂರರ ಹೊತ್ತಿಗೆ ತೆರೆಯುತ್ತವೆ, ಮಳೆಯಲ್ಲಿ ಬಾಗಿಲಲ್ಲಿ ಕಾಯುವ ಕಷ್ಟ ಬೇಡ. 1390ರಲ್ಲಿ ಶುರುವಾದ ಈ ಚರ್ಚಿನ ಮುಂಭಾಗ ಇಂದಿಗೂ ಅರ್ಧ ಅಮೃತಶಿಲೆ, ಅರ್ಧ ಬರಿ ಇಟ್ಟಿಗೆ. ಒಳಗೆ ಎಡಬದಿಯ ನೆಲದಲ್ಲಿ ಖಗೋಳಜ್ಞ ಕಾಸ್ಸಿನಿ 1655ರಲ್ಲಿ ಹಾಕಿಸಿದ, ಸುಮಾರು 67 ಮೀಟರ್ ಉದ್ದದ ಮಧ್ಯಾಹ್ನರೇಖೆ ಇದೆ. ಚಾವಣಿಯ ಸಣ್ಣ ತೂತಿನಿಂದ ಬಿದ್ದ ಬಿಸಿಲಿನ ಬಿಲ್ಲೆ ನಡುಹಗಲಿಗೆ ಸರಿಯಾಗಿ ಈ ಗೆರೆ ದಾಟುತ್ತದೆ. ಮೋಡವಿದ್ದರೆ ಅದು ಕಾಣದು. ನವೆಂಬರಿನಲ್ಲಿ ಆ ಗಳಿಗೆ ಗಡಿಯಾರದ ಹನ್ನೆರಡರ ಆಸುಪಾಸು ಬರುತ್ತದೆ, ಬಾನು ಬಿಟ್ಟಂತೆ ಕಂಡರೆ ಹನ್ನೊಂದೂ ಮುಕ್ಕಾಲಿಗೆ ಅಲ್ಲೇ ನಿಂತಿರಿ.

ಪಕ್ಕದಲ್ಲಿ ವಿಶ್ವವಿದ್ಯಾಲಯದ ಹಳೆಯ ಕಟ್ಟಡ ಆರ್ಕಿಜಿನ್ನಾಜಿಯೊ, ಪೋರ್ಟಿಕೊದೊಳಗಿಂದಲೇ ದಾರಿ. 1637ರ ಅಂಗರಚನಾ ಪಾಠಶಾಲೆ ಅಲ್ಲಿದೆ. ಇಡೀ ಕೋಣೆ ಮರದ್ದು, ಸುತ್ತ ಏರುಬೆಂಚು, ನಡುವೆ ಹೆಣ ಕೊಯ್ಯುವ ಅಮೃತಶಿಲೆಯ ಮೇಜು. ಗುರುಪೀಠದ ಚಪ್ಪರವನ್ನು ಹೊತ್ತ ಎರಡು ಮರದ ಮೂರ್ತಿಗಳಿಗೆ ಚರ್ಮವಿಲ್ಲ, ಸ್ನಾಯುಗಳ ಎಳೆ ಎಳೆ ಕೆತ್ತಿದ್ದಾರೆ. 1944ರ ಜನವರಿಯಲ್ಲಿ ಬಾಂಬು ಬಿದ್ದು ನೆಲಸಮವಾದ ಮೇಲೆ ಅವಶೇಷದಿಂದ ಆಯ್ದ ತುಂಡುಗಳನ್ನೇ ಬಳಸಿ ಮತ್ತೆ ಕಟ್ಟಿದರು. ಇದನ್ನು ತಪ್ಪಿಸಬೇಡಿ. ಎರಡು ವಾಲುಗೋಪುರಗಳನ್ನು ಹತ್ತುವ ಯೋಜನೆ ಬೇಡ: ಅವುಗಳಲ್ಲಿ ಒಂದಾದ ಗಾರಿಜೆಂದಾ ಗೋಪುರದ ವಾಲು ಅಪಾಯವೆಂದು 2023ರ ಅಕ್ಟೋಬರಿನಲ್ಲಿ ಸುತ್ತ ಬೇಲಿ ಹಾಕಿದರು.

ಸಮಯ ಉಳಿದರೆ ಸಾನ್ ಲೂಕಾ ಪೋರ್ಟಿಕೊ. 666 ಕಮಾನು, ಹತ್ತಿರ ಹತ್ತಿರ 4 ಕಿಲೋಮೀಟರ್, ಗುಡ್ಡದ ಮೇಲಿನ ಮೇರಿಮಾತೆಯ ಗುಡಿಯವರೆಗೆ. 1433ರಲ್ಲಿ ಮಳೆ ನಿಲ್ಲದೆ ಬೆಳೆ ಕೊಳೆಯುತ್ತಿದ್ದಾಗ ಮಾತೆಯ ಚಿತ್ರಪಟವನ್ನು ಮೆರವಣಿಗೆಯಲ್ಲಿ ಊರಿಗೆ ಇಳಿಸಿದರು, ಮಳೆ ನಿಂತಿತು ಎಂಬುದು ಅಲ್ಲಿನವರ ನಂಬಿಕೆ. ಈಗಲೂ ಪ್ರತಿ ವರ್ಷ ಇಳಿಸುತ್ತಾರೆ. ಮೆಲೊನ್ಚೆಲ್ಲೊ ಕಮಾನಿನವರೆಗೆ ಸಮತಟ್ಟು, ಆಮೇಲೆ ಎರಡು ಕಿಲೋಮೀಟರ್ ಏರು. ಮಂಡಿನೋವಿದ್ದರೆ ಕಮಾನಿನವರೆಗೆ ಹೋಗಿ ತಿರುಗಿ ಬಂದರೂ ಸಾಕು. ಐದು ಗಂಟೆಗೆ ಕತ್ತಲಾಗುತ್ತದೆ ಎಂಬುದು ನೆನಪಿರಲಿ.

ನಮ್ಮ ಜುಲೈ ಒಂದರ ಮಳೆಯಷ್ಟು ಅಲ್ಲಿ ವರ್ಷಕ್ಕೂ ಬೀಳುವುದಿಲ್ಲ. ಜಿಟಿಜಿಟಿ ಮಳೆ, ಜತೆಗೆ ಚಳಿ. ಹಾಗಾಗಿ ಇಲ್ಲಿಯಂತೆ ರಬ್ಬರ್ ಚಪ್ಪಲಿಯಲ್ಲಿ ಹೊರಟರೆ ಕಾಲು ಮರಗಟ್ಟುತ್ತದೆ. ಪೋರ್ಟಿಕೊದ ನೆಲ ನಯಗೊಳಿಸಿದ್ದು. ನಮ್ಮ ರೆಡ್ ಆಕ್ಸೈಡ್ ನೆಲಕ್ಕೆ ನೀರು ಚೆಲ್ಲಿದಂತೆ ಜಾರುತ್ತದೆ, ಅದೂ ಜನರ ಕೊಡೆಯಿಂದ ನೀರು ಸೋರುವ ಕಡೆ. ಅಡಿಯಲ್ಲಿ ಗಟ್ಟಿ ಹಲ್ಲಿರುವ ಶೂ, ಬ್ಯಾಗಿನಲ್ಲಿ ಒಂದು ಜತೆ ಒಣ ಸಾಕ್ಸ್, ಮಡಚುವ ಕೊಡೆ ಇರಲಿ. ಹೊರಡುವ ಹಿಂದಿನ ದಿನ ಆ ಪ್ರಾಂತ್ಯದ ಹವಾಮಾನ ಎಚ್ಚರಿಕೆಯ ಬಣ್ಣ ನೋಡಿ. ಕೆಂಪೆಂದಿದ್ದರೆ ಹೋಗಬೇಡಿ, 2024ರ ಅಕ್ಟೋಬರಿನಲ್ಲಿ ತೊರೆ ಉಕ್ಕಿ ಊರ ಬೀದಿಗೇ ನೀರು ನುಗ್ಗಿತ್ತು. ಸೋಮವಾರವೂ ಬೇಡ, ಹೆಚ್ಚಿನ ಮ್ಯೂಸಿಯಂಗಳಿಗೆ ರಜೆ.

ಪ್ರಶ್ನೆ: ಶುದ್ಧ ಸಸ್ಯಾಹಾರಿಗಳಿಗೆ ಬೊಲೋನ್ಯದಲ್ಲಿ ಊಟ ಸಿಗುತ್ತದೆಯೇ?
– ಓದುಗರು, ಉಡುಪಿ

ಉತ್ತರ: ಸಿಗುತ್ತದೆ, ಆದರೆ ಹೆಸರು ಗಮನಿಸಿ. ತೊರ್ತೆಲ್ಲೀನಿ ಬೇಡ, ಒಳಗೆ ಹಂದಿಮಾಂಸ, ಹೊರಗೆ ಮಾಂಸದ ಸಾರು. ತೊರ್ತೆಲ್ಲೋನಿ ಬೇರೆ: ದೊಡ್ಡದು, ಒಳಗೆ ರಿಕೊತ್ತಾ ಗಿಣ್ಣು, ಬೆಣ್ಣೆ ಮತ್ತು ಸೇಜ್ ಎಲೆಯಲ್ಲಿ ಕೊಡುತ್ತಾರೆ. ಹಿಟ್ಟಿಗೆ ಮೊಟ್ಟೆ ಹಾಕಿರುತ್ತಾರೆ. ಮೇಲೆ ಉದುರಿಸುವ ಪಾರ್ಮಿಜಾನೊ ಗಿಣ್ಣಿಗೆ ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪು ಬಳಸುತ್ತಾರೆ, ಬೇಡವಾದರೆ 'ಸೆನ್ಜಾ ಫೊರ್ಮಾಜ್ಜೊ' ಎನ್ನಿ. ತರಕಾರಿ ಸೂಪಿಗೂ ಮಾಂಸದ ಸಾರು ಬೆರೆಸಿರಬಹುದು. ಪಿಯಾದೀನಾ ರೊಟ್ಟಿ ನೋಡಲು ಚಪಾತಿಯಂತೆ, ಹಿಟ್ಟಿನಲ್ಲಿ ಮಾತ್ರ ಸಾಮಾನ್ಯವಾಗಿ ಹಂದಿಕೊಬ್ಬು. 'ಸೆನ್ಜಾ ಸ್ತ್ರುತ್ತೊ' ಎಂದು ಕೇಳಿ ತೆಗೆದುಕೊಳ್ಳಿ. ಮೊಟ್ಟೆಯೂ ಬೇಡವೆನ್ನುವವರು ಚಪಾತಿ ಪಲ್ಯ ಕಟ್ಟಿಕೊಂಡು ಹೋಗಿ. ಹೆಚ್ಚಿನ ಹೋಟೆಲುಗಳಲ್ಲಿ ಮಧ್ಯಾಹ್ನದ ಊಟ ಎರಡೂವರೆಗೆ ಮುಗಿಯುತ್ತದೆ.

ಪ್ರಶ್ನೆ: ಮಂಗಳೂರಿನ ಅಲೋಶಿಯಸ್ ಚಾಪೆಲಿನ ಚಿತ್ರಗಳನ್ನು ಬರೆದವರ ಊರು ಮಿಲಾನಿನ ಹತ್ತಿರವಂತೆ, ನೋಡಲು ಹೋಗಬಹುದೇ?
– ಓದುಗರು, ಬಜಪೆ

ಉತ್ತರ: ಹೌದು. ಆಂತೋನಿಯೊ ಮೊಸ್ಕೇನಿ ಹುಟ್ಟಿದ್ದು 1854ರಲ್ಲಿ ಬೆರ್ಗಾಮೊ ಹತ್ತಿರದ ಸ್ತೆಜ್ಜಾನೊದಲ್ಲಿ, ಚಿತ್ರಕಲೆ ಕಲಿತದ್ದು ಬೆರ್ಗಾಮೊದ ಅಕಾದೆಮಿಯಾ ಕಾರ್ರಾರದಲ್ಲಿ. ಮಿಲಾನಿನಿಂದ ರೈಲಿಗೆ ಸುಮಾರು 50 ನಿಮಿಷ. ಮಳೆಯಿದ್ದರೆ ಮೊದಲು ಕೆಳಊರಿನಲ್ಲಿರುವ ಕಾರ್ರಾರ ಚಿತ್ರಶಾಲೆ ನೋಡಿ, ಮಳೆ ಬಿಟ್ಟ ಮೇಲೆ ಹಗ್ಗದ ರೈಲಿನಲ್ಲಿ ಮೇಲಿನ ಹಳೆಯ ಊರಿಗೆ ಹತ್ತಿ. ಅಲ್ಲಿ ಪೋರ್ಟಿಕೊಗಳ ಆಸರೆ ಇಲ್ಲ, ಬೀದಿಯೆಲ್ಲ ಇಳಿಜಾರು ಕಲ್ಲುಹಾಸು. ಇಳಿಯುವಾಗಲೂ ಹಗ್ಗದ ರೈಲೇ ಇರಲಿ. ಹೊರಡುವ ಮೊದಲು ಬಾವುಟಗುಡ್ಡೆಗೆ ಹೋಗಿ ಚಾಪೆಲಿನ ಚಾವಣಿಯನ್ನು ಅರ್ಧ ಗಂಟೆ ಕೂತು ನೋಡಿ. ಗೋಡೆಯ ಚಿತ್ರಗಳು ಹಸಿ ಗಾರೆಯ ಮೇಲೆ ಬರೆದವು, ಚಾವಣಿಯವು ಕ್ಯಾನ್ವಾಸಿನ ಮೇಲಿನ ತೈಲವರ್ಣ. ಆ ವ್ಯತ್ಯಾಸ ಇಲ್ಲೇ ಕಣ್ಣಿಗೆ ಹತ್ತಿದ್ದರೆ ಬೆರ್ಗಾಮೊದ ಚರ್ಚುಗಳಲ್ಲಿ ಗೋಡೆಯ ಮುಂದೆ ನಿಂತಾಗ ಏನು ನೋಡಬೇಕೆಂದು ಯಾರೂ ಹೇಳಿಕೊಡಬೇಕಾಗಿಲ್ಲ.