ಫಾರ್ಮುಲಾ ಒನ್ ಕಾರಿನ ಟೈರುಗಳಲ್ಲಿ ಗೀರುಗಳೇ ಇರುವುದಿಲ್ಲವೇಕೆ?

ಒಣ ಟ್ರ್ಯಾಕ್‌ನಲ್ಲಿ ಅತಿ ಹೆಚ್ಚು ಹಿಡಿತ ಕೊಡುವುದು ನುಣ್ಣನೆಯ ಟೈರೇ. ಗೀರುಗಳ ಮುಖ್ಯ ಕೆಲಸ ನೀರನ್ನು ಹೊರಹಾಕುವುದು. ರೇಸ್ ಟೈರಿನ ಮೃದುವಾದ ರಬ್ಬರು ಸುಮಾರು 100 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾದಾಗ ಅಂಟಂಟಾಗಿ, ಡಾಂಬರಿನ ಸಣ್ಣಸಣ್ಣ ಉಬ್ಬುತಗ್ಗುಗಳೊಳಗೆ ಇಳಿದು ಕಚ್ಚಿಕೊಳ್ಳುತ್ತದೆ. ಅದರಲ್ಲಿ ಗೀರು ಕೊರೆದರೆ ನೆಲಕ್ಕೆ ತಾಗುವ ರಬ್ಬರು ಕಡಿಮೆಯಾಗುವುದಲ್ಲದೆ, ಉಳಿದ ಭಾಗವೂ ತಿರುವಿನ ಒತ್ತಡಕ್ಕೆ ಅತ್ತಿತ್ತ ಬಾಗುತ್ತದೆ. ಕಾರುಗಳ ತಿರುವಿನ ವೇಗವನ್ನು ತಗ್ಗಿಸಲೆಂದೇ 1998ರಿಂದ 2008ರವರೆಗೆ ಗೀರಿನ ಟೈರುಗಳನ್ನು ಕಡ್ಡಾಯ ಮಾಡಲಾಗಿತ್ತು ಎಂಬುದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಮಳೆ ಬಂದರೆ ಲೆಕ್ಕ ತಿರುಗಿಬೀಳುತ್ತದೆ. ಸರಿದುಹೋಗಲು ದಾರಿಯಿಲ್ಲದ ನೀರು ಟೈರಿನಡಿ ಪದರವಾಗಿ ನಿಂತು ಕಾರನ್ನೇ ತೇಲಿಸುತ್ತದೆ. ಆಗ ಸ್ಟಿಯರಿಂಗ್ ತಿರುಗಿಸಿದರೂ ಬ್ರೇಕು ಒತ್ತಿದರೂ ಪ್ರಯೋಜನವಿಲ್ಲ. ಆದ್ದರಿಂದ ತಂಡಗಳು ಗೀರುಗಳಿರುವ ಟೈರುಗಳನ್ನು ಹಾಕುತ್ತವೆ: ಟ್ರ್ಯಾಕ್ ಅಷ್ಟಿಷ್ಟು ಒದ್ದೆಯಾಗಿದ್ದರೆ ಹಸಿರು ಪಟ್ಟಿಯ ಇಂಟರ್‌ಮೀಡಿಯೆಟ್, ಜೋರು ಮಳೆಯಿದ್ದರೆ ನೀಲಿ ಪಟ್ಟಿಯ ವೆಟ್. ಗಂಟೆಗೆ 300 ಕಿ.ಮೀ. ವೇಗದಲ್ಲಿ ಒಂದು ಇಂಟರ್‌ಮೀಡಿಯೆಟ್ ಟೈರು ಸೆಕೆಂಡಿಗೆ ಸುಮಾರು 30 ಲೀಟರ್ ನೀರನ್ನು ಹೊರಚೆಲ್ಲುತ್ತದೆ ಎನ್ನುತ್ತದೆ ತಯಾರಕ ಕಂಪನಿ ಪಿರೆಲ್ಲಿ.

ನಮ್ಮ ಕಾರುಗಳು ಬಿಸಿಲು ಮಳೆಯೆನ್ನದೆ ಒಂದೇ ಟೈರಿನಲ್ಲಿ ಓಡಬೇಕಾದ್ದರಿಂದ, ಗೀರಿನ ಆಳ 1.6 ಮಿ.ಮೀ.ಗೆ ಇಳಿಯುವ ಮೊದಲೇ ಟೈರು ಬದಲಿಸಬೇಕು.