ಡಾಕ್ಟರ್ ‘ಗೊತ್ತಿಲ್ಲ’ ಅಂದರೆ ನಂಬಬಹುದೇ?

ಓದುಗರ ಪತ್ರ (ಹೆಸರು, ಊರು ಬಿಟ್ಟು ಸಂಕ್ಷೇಪಿಸಿದೆ):

‘ನಾನು ಮಲೆನಾಡಿನ ಅಡಿಕೆ ಬೆಳೆಗಾರ. ನನ್ನ ಹೆಂಡತಿಗೆ ಎದೆಯಲ್ಲಿ ಗಂಟು ಕಾಣಿಸಿಕೊಂಡು, ಪರೀಕ್ಷೆಯಲ್ಲಿ ಕ್ಯಾನ್ಸರ್ ಎಂದು ಬಂತು. ಬೆಂಗಳೂರಿನಲ್ಲಿ ಆಪರೇಷನ್ ಆಗಬೇಕು. ಅಲ್ಲಿಯ ಡಾಕ್ಟರಮ್ಮ ಒಂದು ಸ್ಟಡಿಗೆ ಸೇರುತ್ತೀರಾ ಎಂದು ಕೇಳಿದ್ದಾರೆ. ಆಪರೇಷನ್ ಆದಮೇಲೆ ಔಷಧಿ ಕೊಡುವುದಕ್ಕೆ ಎರಡು ಕ್ರಮ ಇವೆಯಂತೆ, ಯಾರಿಗೆ ಯಾವುದು ಎಂದು ಕಂಪ್ಯೂಟರ್ ಆರಿಸುತ್ತದಂತೆ. ಎರಡರಲ್ಲಿ ಯಾವುದು ಒಳ್ಳೆಯದು ಎಂದು ಕೇಳಿದರೆ, “ನನಗೂ ಗೊತ್ತಿಲ್ಲ, ಅದಕ್ಕೇ ಸ್ಟಡಿ” ಎಂದರು. ಅಂಥ ದೊಡ್ಡ ಡಾಕ್ಟರಿಗೇ ಗೊತ್ತಿಲ್ಲ ಅಂದಮೇಲೆ ನಮ್ಮ ಗತಿ ಏನು? ನಾವೇನು ಪ್ರಯೋಗದ ಇಲಿಗಳೇ? ಮಗ ಬೇಡವೇ ಬೇಡ ಅನ್ನುತ್ತಾನೆ. ಭಾವಮೈದ, ಸೇರಿದರೆ ಖರ್ಚು ಉಳಿಯುತ್ತದೆ ಅನ್ನುತ್ತಾನೆ. 14 ಪುಟದ ಕಾಗದ ಕೊಟ್ಟು ಹತ್ತು ದಿನ ಟೈಮ್ ಕೊಟ್ಟಿದ್ದಾರೆ. ನಿಮ್ಮ ಸಲಹೆ ಬೇಕು.’

ಸಂಪಾದಕರ ಉತ್ತರ:

ಮಾನ್ಯರೇ,

ಹತ್ತು ದಿನದ ಗಡುವಿನ ಮಾತು ಪತ್ರಿಕೆ ಅಚ್ಚಾಗುವವರೆಗೆ ಕಾಯುವಂಥದ್ದಲ್ಲ. ಹಾಗಾಗಿ ಈ ಉತ್ತರವನ್ನು ನಿಮ್ಮ ಪತ್ರ ಬಂದ ಮಾರನೆಯ ದಿನವೇ ನಿಮಗೆ ಕಳಿಸಿ, ನಿಮ್ಮ ಒಪ್ಪಿಗೆ ಪಡೆದು ಈಗ ಇಲ್ಲಿ ಹಾಕುತ್ತಿದ್ದೇನೆ. ಇದೇ ಪ್ರಶ್ನೆ ಹೊತ್ತು ಆಸ್ಪತ್ರೆಯ ಬೆಂಚಿನ ಮೇಲೆ ಕೂತವರು ಇನ್ನೆಷ್ಟು ಜನರೋ.

ನಾನು ವೈದ್ಯನಲ್ಲ. ಸೇರಿ ಎಂದಾಗಲಿ, ಸೇರಬೇಡಿ ಎಂದಾಗಲಿ ಹೇಳುವ ಅಧಿಕಾರ ನನಗಿಲ್ಲ. ಆದರೆ ಆ ಡಾಕ್ಟರಮ್ಮ ಹೇಳಿದ ‘ಗೊತ್ತಿಲ್ಲ’ ಎಂಬ ಮಾತಿಗೆ ನೀವು ಹೆದರಿದ್ದೀರಲ್ಲ, ಅದರ ಬಗ್ಗೆ ನಾನು ಹೇಳಲೇಬೇಕಾದದ್ದು ಇದೆ. ನನಗೆ ಆ ಮಾತು ಕೇಳಿ ಅವರ ಮೇಲೆ ಗೌರವ ಹುಟ್ಟಿತು.

ನಾವೆಲ್ಲ ಕೈಗುಣ ನಂಬಿ ಬೆಳೆದವರು. ಇಂಥ ಡಾಕ್ಟರ ಕೈಗುಣ ಚೆನ್ನಾಗಿದೆ ಎಂದರೆ ಬಸ್ಸು ಬದಲಿಸಿ ಬದಲಿಸಿ ಅಲ್ಲಿಗೇ ಹೋಗುತ್ತೇವೆ. ಅದರಲ್ಲಿ ಸುಳ್ಳೇನಿಲ್ಲ. ರೋಗಿಯ ಮುಖ ನೋಡಿ, ಕೈಹಿಡಿದು ಮಾತಾಡುವ ವೈದ್ಯರಿಂದ ಅರ್ಧ ಭಾರ ಇಳಿಯುತ್ತದೆ. ಆದರೆ ಕೈಗುಣದಿಂದ ತಿಳಿಯದ ಸಂಗತಿಗಳೂ ಇವೆ. ಒಂದು ಉದಾಹರಣೆ ಹೇಳುತ್ತೇನೆ, ಅಮೆರಿಕದ್ದು.

1980ರ ದಶಕ. ಹೃದಯಾಘಾತವಾಗಿ ಬದುಕಿ ಉಳಿದ ಕೆಲವರಲ್ಲಿ ಎದೆಬಡಿತದ ನಡುವೆ ಆಗಾಗ ಒಂದು ಹೆಚ್ಚುವರಿ ಬಡಿತ ಬರುತ್ತಿತ್ತು. ಅಂಥವರು ಹಠಾತ್ತಾಗಿ ಸಾಯುವುದು ಜಾಸ್ತಿ ಎಂಬುದು ವೈದ್ಯರಿಗೆ ಗೊತ್ತಿತ್ತು. ಆ ಬಡಿತ ನಿಲ್ಲಿಸುವ ಮಾತ್ರೆಗಳೂ ಬಂದವು: ಎನ್‌ಕೇನೈಡ್, ಫ್ಲೆಕೇನೈಡ್. ಮಾತ್ರೆ ಕೊಟ್ಟರೆ ಇಸಿಜಿ ಕಾಗದದ ಮೇಲೆ ಆ ಹೆಚ್ಚುವರಿ ಬಡಿತ ಮಾಯವಾಗಿ ಗೆರೆ ಸರಿಹೋಗುತ್ತಿತ್ತು. ವೈದ್ಯರ ಕಣ್ಣಿಗೆ ಕಾಣುತ್ತಿತ್ತು, ರೋಗಿಗೂ ಸಮಾಧಾನ. ಇಷ್ಟು ಸ್ಪಷ್ಟವಾಗಿ ಕೆಲಸ ಮಾಡುವ ಔಷಧಿಯನ್ನು ಅರ್ಧ ಜನಕ್ಕೆ ತಪ್ಪಿಸಿ ಹುಸಿಮಾತ್ರೆ (ನೋಡಲು ಅದೇ ಥರ, ಒಳಗೆ ಔಷಧಿ ಇಲ್ಲ) ಕೊಡುವುದೇ ಅನ್ಯಾಯ ಎಂದು ವಾದಿಸಿದ ವೈದ್ಯರೂ ಇದ್ದರು. ಆದರೂ ‘ಕಾಸ್ಟ್’ ಎಂಬ ಹೆಸರಿನ ಅಧ್ಯಯನ ನಡೆಯಿತು. 1,498 ರೋಗಿಗಳು, ಅರ್ಧಕ್ಕೆ ಈ ಮಾತ್ರೆ, ಅರ್ಧಕ್ಕೆ ಹುಸಿಮಾತ್ರೆ. ಸರಾಸರಿ ಹತ್ತು ತಿಂಗಳಲ್ಲಿ ಲೆಕ್ಕ ಹೀಗಿತ್ತು: ಹುಸಿಮಾತ್ರೆ ತಗೊಂಡವರಲ್ಲಿ ಸತ್ತವರು 26, ನಿಜವಾದ ಮಾತ್ರೆ ತಗೊಂಡವರಲ್ಲಿ 63. ಲೆಕ್ಕದ ಮೇಲೆ ಕಣ್ಣಿಟ್ಟಿದ್ದ ಸಮಿತಿಯ ಮಾತಿನಂತೆ 1989ರಲ್ಲೇ ಈ ಎರಡು ಮಾತ್ರೆಗಳನ್ನು ನಿಲ್ಲಿಸಿದರು.

ಗೆರೆ ಸರಿಹೋಗುತ್ತಿತ್ತು, ಮನುಷ್ಯ ಸಾಯುತ್ತಿದ್ದ. ಆ ಸ್ಟಡಿಗೂ ಮೊದಲು ಎಷ್ಟೋ ಒಳ್ಳೆಯ ಡಾಕ್ಟರುಗಳು, ಒಳ್ಳೆಯ ಕೈಗುಣದವರೇ, ಪೂರ್ತಿ ನಂಬಿಕೆಯಿಂದ ಈ ಮಾತ್ರೆ ಬರೆದುಕೊಟ್ಟಿದ್ದರು. ಅವರಲ್ಲಿ ಯಾರೂ ದುಷ್ಟರಲ್ಲ. ತಮಗೆ ಗೊತ್ತಿದೆ ಎಂದುಕೊಂಡಿದ್ದರು, ಅಷ್ಟೇ.

ಅಷ್ಟು ದೂರ ಯಾಕೆ ಹೋಗಬೇಕು? 2021ರ ಏಪ್ರಿಲ್-ಮೇ ನಿಮಗೂ ನೆನಪಿರಬೇಕು. ನಮ್ಮ ಕಚೇರಿಯ ಸಹೋದ್ಯೋಗಿಯೊಬ್ಬರ ತಮ್ಮ ವೆಂಟಿಲೇಟರ್ ಮೇಲಿದ್ದ. ‘ಪ್ಲಾಸ್ಮಾ ತನ್ನಿ’ (ಗುಣವಾದವರ ರಕ್ತದ ತಿಳಿ ಭಾಗ) ಎಂದು ಆಸ್ಪತ್ರೆಯಿಂದ ಚೀಟಿ ಬಂತು. ಮೂರು ರಾತ್ರಿ ನಾವು ಏಳೆಂಟು ಜನ ಫೋನು ಹಿಡಿದು ಕೂತಿದ್ದೆವು. ಕೋವಿಡ್ ಬಂದು ಗುಣವಾದ, ಬಿ ಪಾಸಿಟಿವ್ ಇರುವ, ಊರಲ್ಲೇ ಇರುವ, ಬರಲು ಒಪ್ಪುವ ಒಬ್ಬರಿಗಾಗಿ. ಕೊನೆಗೆ ಸಿಕ್ಕಿದ ಹುಡುಗ ಮಳೆಯಲ್ಲಿ ಬೈಕಿನ ಮೇಲೆ ಬಂದು ಕೊಟ್ಟು ಹೋದ. ರೋಗಿ ಉಳಿಯಲಿಲ್ಲ. ಆಮೇಲೆ ತಿಳಿದದ್ದು ಏನೆಂದರೆ, ಇದರ ಉತ್ತರ ಬಹುಮಟ್ಟಿಗೆ ಆಗಲೇ ನಮ್ಮ ದೇಶದಲ್ಲೇ ಸಿಕ್ಕಿಯಾಗಿತ್ತು. ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ 2020ರಲ್ಲೇ 39 ಆಸ್ಪತ್ರೆಗಳ, ಮಧ್ಯಮ ತೀವ್ರತೆಯ ಕೋವಿಡ್ ಇದ್ದ 464 ರೋಗಿಗಳಲ್ಲಿ ಪ್ಲಾಸ್ಮಾ ಪರೀಕ್ಷೆ ಮಾಡಿತ್ತು. ಕಾಯಿಲೆ ವಿಷಮಿಸಿದವರು ಅಥವಾ ಸತ್ತವರು ಪ್ಲಾಸ್ಮಾ ಪಡೆದವರಲ್ಲಿ ನೂರಕ್ಕೆ 19, ಪಡೆಯದವರಲ್ಲಿ 18. ಫಲಿತಾಂಶ ಆ ಅಕ್ಟೋಬರಿನಲ್ಲೇ ಪ್ರಕಟವಾಗಿತ್ತು. ಚಿಕಿತ್ಸೆಯ ಪಟ್ಟಿಯಿಂದ ಪ್ಲಾಸ್ಮಾ ಕೈಬಿಟ್ಟದ್ದು ಮರುವರ್ಷ ಮೇ ತಿಂಗಳಲ್ಲಿ. ಆ ಮೂರು ರಾತ್ರಿ ಆ ಅಣ್ಣ ತಮ್ಮನ ಹತ್ತಿರ ಇರಬಹುದಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ.

ಇನ್ನು ಕಂಪ್ಯೂಟರ್ ಆರಿಸುವ ವಿಷಯ. ‘ನನ್ನ ಹೆಂಡತಿಯ ಜೀವವನ್ನು ಚೀಟಿ ಎತ್ತಿ ತೀರ್ಮಾನಿಸುವುದೇ’ ಎಂದು ನೀವು ಪತ್ರದ ಇನ್ನೊಂದು ಕಡೆ ಕೇಳಿದ್ದೀರಿ. ನೀವು ತೋಟದವರು, ನಿಮಗೆ ಇದು ನನಗಿಂತ ಬೇಗ ಹೊಳೆಯಬೇಕು. ಅಡಿಕೆಯ ಕೊಳೆರೋಗಕ್ಕೆ ಈಗ ಹೊಡೆಯುವ ಬೋರ್ಡೋ ದ್ರಾವಣದ ಬದಲು ಹೊಸದೊಂದು ಔಷಧಿ ಬಂದಿದೆ ಅನ್ನಿ. ಅದನ್ನು ಬಿಸಿಲು ಬೀಳುವ, ನೀರು ಬಸಿದು ಹೋಗುವ ಮೇಲಿನ ತೋಟಕ್ಕೆ ಹೊಡೆದು, ಹಳೆಯದನ್ನು ತಗ್ಗಿನ ತೋಟಕ್ಕೆ ಹೊಡೆದರೆ, ಮಳೆಗಾಲ ಮುಗಿದಮೇಲೆ ಯಾವುದರಲ್ಲಿ ಕಾಯಿ ಉದುರಿತು ಎಂದು ಎಣಿಸಿ ಏನು ಉಪಯೋಗ? ಗೆದ್ದದ್ದು ಔಷಧಿಯೋ ಬಿಸಿಲೋ? ಮನುಷ್ಯರಲ್ಲೂ ಹಾಗೆಯೇ. ಆರಿಸುವುದನ್ನು ಡಾಕ್ಟರಿಗೇ ಬಿಟ್ಟರೆ, ಗೊತ್ತಿಲ್ಲದೆಯೇ ಅವರ ಮನಸ್ಸು ಗಟ್ಟಿಮುಟ್ಟಾದವರಿಗೆ ಹೊಸದನ್ನು ಕೊಡಲು ವಾಲುತ್ತದೆ. ಚೀಟಿ ಎತ್ತಿದರೆ ಬಿಸಿಲೂ ತಗ್ಗೂ ಎರಡೂ ಕಡೆಗೆ ಹಂಚಿಹೋಗುತ್ತವೆ. ಈ ಉಪಾಯ ಬೇರೂರಿದ್ದೂ ಹೊಲದಲ್ಲೇ. 1920ರ ದಶಕದಲ್ಲಿ ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಆರ್.ಎ. ಫಿಷರ್ ಬೆಳೆಯ ತಾಕುಗಳಿಗಾಗಿ ಇದನ್ನು ರೂಪಿಸಿದರು. ಆಸ್ಪತ್ರೆಗೆ ಬಂದದ್ದು ಆಮೇಲೆ. ಒಂದು ಷರತ್ತು ಮಾತ್ರ ಇದೆ: ಎರಡರಲ್ಲಿ ಯಾವುದು ಮೇಲು ಎಂಬುದು ನಿಜವಾಗಿಯೂ ಗೊತ್ತಿಲ್ಲದಿರಬೇಕು. ಗೊತ್ತಿದ್ದೂ ಚೀಟಿ ಎತ್ತುವುದು ಪಾಪ. ಆದ್ದರಿಂದಲೇ ಆ ಡಾಕ್ಟರಮ್ಮನ ‘ಗೊತ್ತಿಲ್ಲ’ ಈ ಇಡೀ ಕೆಲಸದ ಅಡಿಪಾಯ.

ಸಂಶೋಧನೆ ಎಂದರೆ ದೊಡ್ಡ ಊರಿನ ಎಸಿ ಕೋಣೆಯದ್ದು ಎಂಬ ಭಾವನೆ ನಮ್ಮಲ್ಲಿದೆ. ನನ್ನನ್ನು ಬಹಳ ಕಾಡಿದ ಅಧ್ಯಯನವೊಂದು ನಡೆದದ್ದು ಬೆಳಗಾವಿ ಜಿಲ್ಲೆಯ ನಾಲ್ಕು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವ್ಯಾಪ್ತಿಯ ಹಳ್ಳಿಗಳಲ್ಲಿ, 2002ರಿಂದ 2005ರವರೆಗೆ. ಜವಾಹರಲಾಲ್ ನೆಹರು ಮೆಡಿಕಲ್ ಕಾಲೇಜಿನವರು ಅಮೆರಿಕದ ಸಂಶೋಧಕರ ಜೊತೆ ಸೇರಿ ಮಾಡಿದ್ದು. ಹೆರಿಗೆಯಾದ ಕೂಡಲೇ ರಕ್ತಸ್ರಾವ ನಿಲ್ಲದೆ ಬಾಣಂತಿ ಸಾಯುವುದು ನಮ್ಮ ಅಜ್ಜಿಯರ ಕಾಲದಿಂದ ಇದ್ದದ್ದೇ. ಅದನ್ನು ತಡೆಯುವ ಆಕ್ಸಿಟೋಸಿನ್ ಚುಚ್ಚುಮದ್ದನ್ನು ತಣ್ಣಗೆ ಇಡಬೇಕು, ಚುಚ್ಚುವವರು ಬೇಕು. ಕರೆಂಟಿಲ್ಲದ ಹಳ್ಳಿಯಲ್ಲಿ ಎಎನ್‌ಎಂ ಅಕ್ಕ (ಹಳ್ಳಿಯ ಸರ್ಕಾರಿ ದಾದಿ) ಒಬ್ಬಳೇ ಹೆರಿಗೆ ಮಾಡಿಸುವಾಗ ಎರಡೂ ಕಷ್ಟ. ಮಿಸೊಪ್ರೊಸ್ಟಾಲ್ ಎಂಬ ಅಗ್ಗದ ಮಾತ್ರೆ ಬಾಯಿಗೆ ಹಾಕಿದರೆ ಸಾಕಾಗುತ್ತದೆಯೇ? ಅದೇ ಪ್ರಶ್ನೆ. 1,620 ಹೆಂಗಸರು. ಅರ್ಧಕ್ಕೆ ಮಾತ್ರೆ, ಅರ್ಧಕ್ಕೆ ಹುಸಿಮಾತ್ರೆ.

ಉತ್ತರ ಸಿಗಬೇಕಾದರೆ ರಕ್ತ ಎಷ್ಟು ಹೋಯಿತು ಎಂದು ಗೊತ್ತಾಗಬೇಕಲ್ಲ. ಒದ್ದೆಯಾದ ಸೀರೆ, ನೆಲ ನೋಡಿ ಅಂದಾಜು ಮಾಡಿದರೆ ಸಾಮಾನ್ಯವಾಗಿ ಕಡಿಮೆಯೇ ಲೆಕ್ಕಕ್ಕೆ ಬರುತ್ತದೆ. ಅದಕ್ಕಾಗಿ ಅವರು ಒಂದು ಪ್ಲಾಸ್ಟಿಕ್ ಹಾಳೆ ಬಳಸಿದರು. ಹೆರಿಗೆಯಾದ ಕೂಡಲೇ ತಾಯಿಯ ಕೆಳಗೆ ಹಾಸುವುದು. ಸೊಂಟದ ಸುತ್ತ ಕಟ್ಟಲು ದಾರ, ಕೆಳತುದಿ ಲಾಳಿಕೆಯ ಹಾಗೆ ಕಿರಿದಾಗಿ ಚೀಲವಾಗುತ್ತದೆ, ಚೀಲದ ಮೇಲೆ ಮಿಲಿಲೀಟರಿನ ಗೆರೆಗಳು. ಅಂಥ ಹಾಳೆಯನ್ನು ನಾನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಹಾಲು ಅಳೆಯುವ ಪಾತ್ರೆಯಷ್ಟೇ ಸರಳ. ರಕ್ತ 500ರ ಗೆರೆ ದಾಟಿತೋ ಇಲ್ಲವೋ ಎಂದು ಯಾರು ಬೇಕಾದರೂ ಹೇಳಬಹುದು. ಹುಸಿಮಾತ್ರೆ ಪಡೆದವರಲ್ಲಿ ನೂರಕ್ಕೆ 12 ಮಂದಿಗೆ ಹೆಚ್ಚಿನ ರಕ್ತಸ್ರಾವವಾಗಿತ್ತು, ಮಾತ್ರೆ ಪಡೆದವರಲ್ಲಿ 6.4. ಫಲಿತಾಂಶ 2006ರಲ್ಲಿ ವೈದ್ಯಕೀಯ ಪತ್ರಿಕೆ ‘ಲ್ಯಾನ್ಸೆಟ್’ನಲ್ಲಿ ಬಂತು. ಬಾಣಂತಿಯ ರಕ್ತಸ್ರಾವ ತಡೆಯಲೆಂದು ವಿಶ್ವ ಆರೋಗ್ಯ ಸಂಸ್ಥೆ ಈ ಮಾತ್ರೆಯನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿದ್ದು 2011ರಲ್ಲಿ. ಕೆನ್ಯಾ, ನೈಜೀರಿಯಾ, ತಾಂಜಾನಿಯಾ, ದಕ್ಷಿಣ ಆಫ್ರಿಕಾಗಳ 80 ಆಸ್ಪತ್ರೆಗಳಲ್ಲಿ ನಡೆದು 2023ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲೂ ಇಂಥದ್ದೇ ಗೆರೆ ಹಾಕಿದ ಹಾಳೆ ಬಳಸಿದರು.

ಹುಸಿಮಾತ್ರೆ ಸಿಕ್ಕ ಎಂಟುನೂರು ಚಿಲ್ಲರೆ ಹೆಂಗಸರ ಬಗ್ಗೆ ನನಗೂ ಕಸಿವಿಸಿ ಆಗಿದೆ. ಆಗ ಆ ಹಳ್ಳಿಗಳ ಎಎನ್‌ಎಂಗಳ ಕೈಯಲ್ಲಿ ಕೊಡಲು ಬೇರೆ ಔಷಧಿ ಇರಲಿಲ್ಲ ಎಂಬ ಉತ್ತರ ಸರಿಯೇ, ಆದರೂ ಕಸಿವಿಸಿ ಪೂರ್ತಿ ಹೋಗುವುದಿಲ್ಲ. ಹೋಗಬಾರದು ಕೂಡ. ನಿಮ್ಮ ಪತ್ನಿಯ ಸ್ಟಡಿಯಲ್ಲಿ ಎರಡೂ ಗುಂಪಿಗೆ ನಿಜವಾದ ಚಿಕಿತ್ಸೆಯೇ ಇದೆ ಎಂದು ನಿಮ್ಮ ಪತ್ರದಿಂದ ನನಗೆ ಅನ್ನಿಸಿತು. ಆದರೂ ಅದನ್ನು ಬಾಯಿಬಿಟ್ಟು ಕೇಳಿ ಖಚಿತಪಡಿಸಿಕೊಳ್ಳಿ.

ಸ್ತನ ಕ್ಯಾನ್ಸರಿನದ್ದೇ ಒಂದು ಸಂಗತಿ ನಿಮಗೆ ತಿಳಿದಿರಲಿ. ಹಲ್ಲು ಕೀಳುವಾಗ ಒಸಡಿಗೆ ಚುಚ್ಚುವ ಮರಗಟ್ಟಿಸುವ ಮದ್ದು ಇದೆಯಲ್ಲ, ಲಿಡೊಕೇನ್. ಗಂಟನ್ನು ಕತ್ತರಿಸುವ ಮೊದಲು ಅದರ ಸುತ್ತ ಇದನ್ನು ಚುಚ್ಚಿದರೆ ಕ್ಯಾನ್ಸರ್ ಮರಳುವುದು ಕಡಿಮೆಯಾಗುತ್ತದೆಯೇ ಎಂದು ಮುಂಬೈನ ಟಾಟಾ ಮೆಮೋರಿಯಲ್ ಸೆಂಟರ್ ಮುಂದಾಳತ್ವದಲ್ಲಿ ದೇಶದ 11 ಆಸ್ಪತ್ರೆಗಳು ನೋಡಿದವು. ಸುಮಾರು 1,600 ಹೆಂಗಸರು ಸೇರಿದರು. ಐದು ವರ್ಷದ ನಂತರ ಬದುಕಿದ್ದವರು ಮಾಮೂಲಿ ಆಪರೇಷನ್ನಿನ ಗುಂಪಿನಲ್ಲಿ ನೂರಕ್ಕೆ 86.4, ಚುಚ್ಚಿಸಿಕೊಂಡವರಲ್ಲಿ 90.1. ತೀರಾ ಅಗ್ಗದ ಮದ್ದು. ಇಂಥದ್ದನ್ನು ಪರೀಕ್ಷಿಸಲು ಯಾವ ಔಷಧಿ ಕಂಪನಿ ದುಡ್ಡು ಹಾಕೀತು? ಸಾರ್ವಜನಿಕ ಆಸ್ಪತ್ರೆಗಳೇ ಮಾಡಬೇಕು, ಅದಕ್ಕೆ ಆ ಹೆಂಗಸರು ಒಪ್ಪಬೇಕು. ಅವರು ಚೀಟಿ ಎತ್ತಿಸಿಕೊಂಡದ್ದರಿಂದ ಇವತ್ತು ನೀವು ನಿಮ್ಮ ಸರ್ಜನ್‌ಗೆ ಈ ಬಗ್ಗೆ ಒಂದು ಪ್ರಶ್ನೆ ಕೇಳಬಹುದು. ಕೇಳಿ. ಹಾಗೆಯೇ ದಕ್ಷಿಣ ಭಾರತದ ಅರವಿಂದ ಕಣ್ಣಾಸ್ಪತ್ರೆಗಳಲ್ಲಿ, ಕಣ್ಣಿನ ಕರಿಗುಡ್ಡೆಗೆ ಶಿಲೀಂಧ್ರ ಹಿಡಿದು ಹುಣ್ಣಾದವರಲ್ಲಿ ಹಳೆಯ ನಟಮೈಸಿನ್ ಹನಿಯನ್ನೂ ಹೊಸ ವೊರಿಕೊನಜೋಲ್ ಹನಿಯನ್ನೂ ಹೋಲಿಸಿದಾಗ ಹಳೆಯದೇ ಗೆದ್ದಿತು. ಹೊಸದೆಲ್ಲ ಮೇಲಲ್ಲ. ಅದಕ್ಕೇ ‘ಸ್ಟಡಿಗೆ ಸೇರಿದರೆ ಹೆಚ್ಚು ಒಳ್ಳೆಯ ಚಿಕಿತ್ಸೆ ಸಿಗುತ್ತದೆ’ ಎಂದು ಯಾರಾದರೂ ಆಸೆ ತೋರಿಸಿದರೆ ನಂಬಬೇಡಿ.

ಹಾಗಂತ ನಿಮ್ಮ ಮಗನ ಸಿಟ್ಟು ಸುಮ್ಮನೆ ಬಂದದ್ದಲ್ಲ. 2009ರಲ್ಲಿ, ಆಗ ಆಂಧ್ರದಲ್ಲಿದ್ದ ಖಮ್ಮಂ ಮತ್ತು ಗುಜರಾತಿನ ವಡೋದರಾದಲ್ಲಿ ಸಾವಿರಾರು ಹುಡುಗಿಯರಿಗೆ ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ ಹಾಕಿದ ಅಧ್ಯಯನದಲ್ಲಿ, ಆಂಧ್ರದ ಎಷ್ಟೋ ಒಪ್ಪಿಗೆ ಪತ್ರಗಳಿಗೆ ಸಹಿ ಹಾಕಿದ್ದು ಅಪ್ಪ-ಅಮ್ಮನಲ್ಲ, ಹಾಸ್ಟೆಲ್ ವಾರ್ಡನ್ನುಗಳು, ಹೆಡ್‌ಮಾಸ್ತರರು. ಲಸಿಕೆ ಒಳ್ಳೆಯದೇ, ನನ್ನ ಮನೆಯ ಹೆಣ್ಣುಮಕ್ಕಳಿಗೂ ಹಾಕಿಸಿದ್ದೇನೆ. ಕೇಳದೆ ಹಾಕಿದ್ದು ಅಪರಾಧ. 2010ರಲ್ಲಿ ಅದು ನಿಂತಿತು, 2013ರಲ್ಲಿ ಸಂಸದೀಯ ಸಮಿತಿ ಕಟುವಾಗಿ ಖಂಡಿಸಿತು. ನನ್ನ ತಂದೆಯಿಂದಲೂ ಒಂದು ಆಸ್ಪತ್ರೆಯಲ್ಲಿ, ಆಪರೇಷನ್ನಿಗೆ ಒಳಗೆ ಕರೆದೊಯ್ಯುವ ಹೊತ್ತಿಗೆ, ಇಂಗ್ಲಿಷಿನ ಕಾಗದಕ್ಕೆ ಸಹಿ ಹಾಕಿಸಿಕೊಂಡಿದ್ದರು. ಪೆನ್ಸಿಲ್ಲಿನಲ್ಲಿ ಮೂರು ಕಡೆ ಇಂಟು ಗುರುತು ಹಾಕಿ, ‘ಇಲ್ಲಿ, ಇಲ್ಲಿ, ಇಲ್ಲಿ’ ಎಂದು. ಏನಿದು ಎಂದು ಅಪ್ಪ ಕೇಳಿದ್ದಕ್ಕೆ ‘ಎಲ್ಲರೂ ಹಾಕ್ತಾರೆ’ ಎಂಬ ಉತ್ತರ ಬಂತು. ಆ ಮೂರು ಇಂಟುಗಳು ನನ್ನ ಕಣ್ಣಿಂದ ಇನ್ನೂ ಹೋಗಿಲ್ಲ.

ನಿಮಗೆ ಹತ್ತು ದಿನ ಕೊಟ್ಟಿದ್ದಾರೆ, ಕನ್ನಡದಲ್ಲಿ 14 ಪುಟ ಕೊಟ್ಟಿದ್ದಾರೆ, ಮನೆಗೆ ಒಯ್ಯಲು ಬಿಟ್ಟಿದ್ದಾರೆ. ಒಳ್ಳೆಯ ಲಕ್ಷಣ. ಆ ಪುಟಗಳಲ್ಲಿ ಸಿಟಿಆರ್‌ಐ ಎಂದು ಶುರುವಾಗುವ ಒಂದು ನಂಬರ್ ಇದೆಯೇ ನೋಡಿ. ಅದು ಇಂಥ ಸ್ಟಡಿಗಳನ್ನು ದಾಖಲಿಸುವ ದೇಶದ ನೋಂದಣಿ ಪುಸ್ತಕದ ನಂಬರು, 2007ರಿಂದ ಇದೆ. ನಿಮ್ಮ ಮಗ ಇಂಟರ್‌ನೆಟ್‌ನಲ್ಲಿ ಹಾಕಿ ನೋಡಿದರೆ ಯಾರು ದುಡ್ಡು ಹಾಕಿದ್ದಾರೆ, ಏನನ್ನು ಅಳೆಯುತ್ತಾರೆ ಎಂಬುದೆಲ್ಲ ಸಿಗುತ್ತದೆ. ಸ್ಟಡಿಗೆ ಸೇರಿದವರ ಹಿತ ಕಾಯುವ ಎಥಿಕ್ಸ್ ಕಮಿಟಿಯ ಫೋನ್ ನಂಬರ್ ಇರಬೇಕು. 2019ರ ನಿಯಮದಂತೆ ಆ ಕಮಿಟಿಯಲ್ಲಿ ಕನಿಷ್ಠ ಏಳು ಜನ, ಅರ್ಧದಷ್ಟು ಆಸ್ಪತ್ರೆಗೆ ಸಂಬಂಧಿಸದವರು, ಕಾನೂನು ಬಲ್ಲವರೊಬ್ಬರು, ನಮ್ಮ ನಿಮ್ಮಂಥ ಸಾಮಾನ್ಯರೊಬ್ಬರು ಇರಬೇಕು. ನೀವು ನೇರವಾಗಿ ಅವರಿಗೇ ಫೋನ್ ಮಾಡಬಹುದು. ಔಷಧಿಯಿಂದ ತೊಂದರೆಯಾದರೆ ಚಿಕಿತ್ಸೆಯ ಖರ್ಚು ಯಾರದ್ದು, ಪರಿಹಾರ ಏನು ಎಂದು ಬರೆದಿರಬೇಕು. ಯಾವಾಗ ಬೇಕಾದರೂ ಕಾರಣ ಹೇಳದೆ ಹೊರಬರಬಹುದು, ಹೊರಬಂದರೂ ಮಾಮೂಲಿ ಚಿಕಿತ್ಸೆ ನಿಲ್ಲುವುದಿಲ್ಲ ಎಂಬ ಸಾಲು ಇರಲೇಬೇಕು. ಇಲ್ಲದಿದ್ದರೆ ಸಹಿ ಬೇಡ. ಖರ್ಚು ಉಳಿಯುತ್ತದೆ ಎಂಬ ಒಂದೇ ಕಾರಣಕ್ಕೆ ಸೇರುವುದಾದರೆ ಅದೂ ಬೇಡ. ದುಡ್ಡಿನ ತಾಪತ್ರಯವಿದ್ದರೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದ ಬಗ್ಗೆ ಆಸ್ಪತ್ರೆಯಲ್ಲೇ ವಿಚಾರಿಸಿ, ಅದನ್ನು ಬೇರೆಯಾಗಿ ಬಗೆಹರಿಸಿಕೊಳ್ಳಿ.

ಕೊನೆಗೆ, ಇಷ್ಟು ಹೊತ್ತು ಹೇಳಲೋ ಬೇಡವೋ ಎಂದು ಇಟ್ಟುಕೊಂಡ ಮಾತು. ನಿಮ್ಮ ಪತ್ರ ನಾಲ್ಕು ಹಾಳೆ ಇದೆ. ನಿಮ್ಮ ಭಯ ಇದೆ, ಮಗನ ಹಠ ಇದೆ, ಭಾವಮೈದನ ಲೆಕ್ಕಾಚಾರ ಇದೆ, ಪಕ್ಕದ ಮನೆಯ ಮೇಷ್ಟ್ರು ಹೇಳಿದ್ದೂ ಇದೆ. ನಿಮ್ಮ ಪತ್ನಿ ಏನು ಹೇಳಿದರು ಎಂದು ಎರಡು ಸಲ ಹುಡುಕಿದೆ, ಸಿಗಲಿಲ್ಲ. ಆ ಕಾಗದದ ಮೇಲೆ ಬೀಳಬೇಕಾದದ್ದು ಅವರ ಸಹಿ. ಅವರಿಗೆ ಓದಲು ಕಷ್ಟ ಎಂದು ಬರೆದಿದ್ದೀರಿ. ಹಾಗಾದರೆ ಇವತ್ತು ರಾತ್ರಿ ಊಟವಾದಮೇಲೆ ಅವರ ಪಕ್ಕ ಕೂತು, 14 ಪುಟವನ್ನೂ ನಿಧಾನಕ್ಕೆ ಓದಿ ಹೇಳಿ. ಅವರು ಕೇಳಿದ ಪ್ರಶ್ನೆಗಳನ್ನು ಅವರು ಹೇಳಿದ ಹಾಗೆಯೇ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಬೆಂಗಳೂರಿಗೆ ಹೋಗುವಾಗ ಆ ಚೀಟಿ ಅವರ ಕೈಯಲ್ಲೇ ಇರಲಿ.

— ಸಂಪಾದಕ