ಸಾಧಕನ ಫೋಟೊ ಬಂತು, ರ‍್ಯಾಂಪಿನ ಅಳತೆ ಬರಲಿಲ್ಲ

ವಿಕಲಚೇತನರನ್ನು ಪತ್ರಿಕೆ, ಟಿವಿ, ವೆಬ್ ಚಾನೆಲ್‌ಗಳು ತೋರಿಸುವ ರೀತಿಯ ಬಗ್ಗೆ ಕರಾವಳಿಯ ಓದುಗರು ಕಳಿಸಿದ ಪ್ರಶ್ನೆಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರವಿದೆ.

ಎಸ್ಸೆಸ್ಸೆಲ್ಸಿಯಲ್ಲಿ ಶಾಲೆಗೇ ಮೊದಲಿಗನಾದ ಹುಡುಗ ವೀಲ್‌ಚೇರ್ ಬಳಸುತ್ತಾನೆ. ‘ವೈಕಲ್ಯ ಮೆಟ್ಟಿ ನಿಂತ ಛಲಗಾರ’ ಅಂತ ಬರೆದೆ. ಮನೆಯವರಿಗೇ ಅದು ಹಿಡಿಸಲಿಲ್ಲ. ಹೊಗಳಿದರೂ ತಪ್ಪೇ?
– ಬಿಡಿ ವರದಿಗಾರ, ಬಂಟ್ವಾಳ

ಹೊಗಳಿ, ಆದರೆ ಅಂಕಕ್ಕಾಗಿ ಹೊಗಳಿ. ಆ ಹುಡುಗ ಗಣಿತ, ವಿಜ್ಞಾನ ಓದಿ ಮೊದಲಿಗನಾದ. ನಿಮ್ಮ ತಲೆಬರಹ ಓದಿದರೆ ಕಾಲಿನ ಜತೆ ಕುಸ್ತಿ ಆಡಿ ಗೆದ್ದ ಹಾಗಿದೆ. ಆಸ್ಟ್ರೇಲಿಯದ ಪತ್ರಕರ್ತೆ ಸ್ಟೆಲ್ಲಾ ಯಂಗ್ ಸ್ವತಃ ವೀಲ್‌ಚೇರ್ ಬಳಸುತ್ತಿದ್ದವರು. ಉಳಿದವರು ‘ನಮ್ಮ ಬದುಕು ಇಷ್ಟು ಕೆಟ್ಟದಿಲ್ಲವಲ್ಲ’ ಎಂದು ಸಮಾಧಾನಪಟ್ಟುಕೊಳ್ಳಲಿಕ್ಕೆ ಇಂಥ ಸುದ್ದಿಗಳು ವಿಕಲಚೇತನರನ್ನು ಬಳಸಿಕೊಳ್ಳುತ್ತವೆ ಎಂದು ಅವರು 2014ರ ಭಾಷಣವೊಂದರಲ್ಲಿ ನೇರವಾಗಿಯೇ ಹೇಳಿದ್ದರು.

‘ಛಲ’ ಎಂದು ಬರೆದ ಕೂಡಲೇ ಇನ್ನೊಂದು ನಷ್ಟವೂ ಆಗುತ್ತದೆ. ಶಾಲೆ, ಶಿಕ್ಷಣ ಇಲಾಖೆ, ಲೋಕೋಪಯೋಗಿ ಇಲಾಖೆ ಎಲ್ಲವೂ ಸುದ್ದಿಯಿಂದ ಮೆಲ್ಲನೆ ಜಾರಿಕೊಳ್ಳುತ್ತವೆ. ತರಗತಿ ಮೊದಲ ಮಹಡಿಯಲ್ಲಿದ್ದು ಅಪ್ಪ ದಿನಾ ಹೊತ್ತು ಹತ್ತಿಸುತ್ತಿದ್ದರೆ, ಕೆಳಗಿನ ಕೋಣೆ ಏಕೆ ಕೊಡಲಿಲ್ಲ ಎಂದು ಮುಖ್ಯೋಪಾಧ್ಯಾಯರನ್ನು ಕೇಳಬೇಕಿತ್ತು. ಅಪ್ಪನ ತ್ಯಾಗದ ಬಗ್ಗೆ ಎರಡು ಪ್ಯಾರಾ ಬರೆದರೆ ಆ ಪ್ರಶ್ನೆ ಮುಚ್ಚಿಹೋಗುತ್ತದೆ.

ಮುಂದಿನ ಸಲ ಹೋಗುವಾಗ ಅಳತೆ ಟೇಪು ಜೇಬಿನಲ್ಲಿರಲಿ. ಗಾಲಿ ಹತ್ತಲು ಕಟ್ಟುವ ಇಳಿಜಾರಿನ, ಅಂದರೆ ರ‍್ಯಾಂಪಿನ ಲೆಕ್ಕ ಸುಲಭ: ಒಂದು ಅಡಿ ಎತ್ತರಕ್ಕೆ ಕನಿಷ್ಠ 12 ಅಡಿ ಉದ್ದ. ಆರು ಇಂಚಿನ ಮೂರು ಮೆಟ್ಟಿಲಿದ್ದಲ್ಲಿ ಎತ್ತರ ಒಂದೂವರೆ ಅಡಿ, ಅಂದರೆ ರ‍್ಯಾಂಪು 18 ಅಡಿ ಇರಬೇಕು. ಅಗಲ ಸುಮಾರು ನಾಲ್ಕು ಅಡಿ, ಮೇಲೆ ಗಾಲಿ ತಿರುಗಿಸಲು ಐದಡಿಯಷ್ಟು ಸಮತಟ್ಟು ಜಾಗ, ಎರಡೂ ಬದಿ ಹಿಡಿಕೆ. ಆರೇಳು ಅಡಿಯಲ್ಲಿ ಮುಗಿಸಿ ನುಣುಪು ಟೈಲ್ಸ್ ಹಾಕಿದ ರ‍್ಯಾಂಪು ವೀಲ್‌ಚೇರಿಗಂತೂ ಆಗದು. ನಮ್ಮ ಮಳೆಗೆ ಪಾಚಿ ಹಿಡಿದರೆ ನಡೆದು ಹೋಗುವವರೂ ಬೀಳುತ್ತಾರೆ. ಅಂಥದ್ದನ್ನೂ ನಾವು ‘ಲೋಕಾರ್ಪಣೆ’ ಎಂದು ಫೋಟೊ ಸಮೇತ ಹಾಕುತ್ತೇವೆ! ಈಗಿರುವ ಸಾರ್ವಜನಿಕ ಕಟ್ಟಡಗಳನ್ನೆಲ್ಲ ಸರಿಪಡಿಸಲು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಕೊಟ್ಟ ಐದು ವರ್ಷದ ಗಡುವು 2022ರಲ್ಲೇ ಮುಗಿದಿದೆ. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆಯಲು ಸಹಾಯಕರು, ಇವೂ ಅದೇ ಕಾಯ್ದೆಯ 17ನೇ ಸೆಕ್ಷನ್ನಿನಲ್ಲಿವೆ. ಯಾರೋ ದೊಡ್ಡ ಮನಸ್ಸು ಮಾಡಿ ಕೊಟ್ಟರು ಎಂಬಂತೆ ಬರೆಯಬೇಡಿ.

ತಲೆಬರಹಕ್ಕೆ ‘ಗಣಿತದಲ್ಲಿ ನೂರಕ್ಕೆ ನೂರು’ ಸಾಕು. ವೀಲ್‌ಚೇರು ಫೋಟೊದಲ್ಲಿ ಹೇಗೂ ಕಾಣುತ್ತದೆ.

ನಮ್ಮ ಸೇವಾ ಸಂಸ್ಥೆ ಪ್ರತಿವರ್ಷ ವೀಲ್‌ಚೇರ್ ವಿತರಿಸುತ್ತದೆ. ಪತ್ರಿಕೆಗೆ ಕಳಿಸಿದ ಫೋಟೊ ನೋಡಿ ಕೆಲವರು ಮೂಗು ಮುರಿಯುತ್ತಾರೆ.
– ಪದಾಧಿಕಾರಿ, ಉಡುಪಿ

ಫೋಟೊ ಹೇಗಿರುತ್ತದೆಂದು ಊಹಿಸುವುದು ಕಷ್ಟವಲ್ಲ. ಹಿಂದೆ ಶಾಲು ಹೊದ್ದ ಹತ್ತು ಜನ, ಮುಂದೆ ಕುರ್ಚಿಯಲ್ಲಿ ತಲೆ ತಗ್ಗಿಸಿದ ಒಬ್ಬರು. ಅಡಿಬರಹದಲ್ಲಿ ಹತ್ತು ಜನರ ಹೆಸರೂ ಇರುತ್ತದೆ, ಕುರ್ಚಿಯಲ್ಲಿದ್ದವರದ್ದು ಮಾತ್ರ ಇರುವುದಿಲ್ಲ.

ಫೋಟೊಕ್ಕಿಂತ ಮೊದಲು ಕುರ್ಚಿಯನ್ನೇ ನೋಡಿ. ಸೊಂಟದ ಅಗಲಕ್ಕೆ ಎರಡು ಬದಿಗೂ ಒಂದೊಂದು ಇಂಚು ಸೇರಿಸಿದರೆ ಸೀಟಿನ ಅಗಲ ಸಿಗುತ್ತದೆ. 18 ಇಂಚಿನ ಒಂದೇ ಅಳತೆಯನ್ನು ಎಂಟು ವರ್ಷದ ಮಗುವಿಗೂ ಕೊಟ್ಟರೆ ಮಗು ಒಂದು ಬದಿಗೆ ವಾಲಿ ಬೆನ್ನು ಸೊಟ್ಟಗಾಗುತ್ತದೆ. ಬೆನ್ನುಹುರಿಗೆ ಪೆಟ್ಟಾಗಿ ಸ್ಪರ್ಶ ಗೊತ್ತಾಗದವರು ಮೆತ್ತೆ ಇಲ್ಲದೆ ಕೂತರೆ ಒತ್ತಡದ ಹುಣ್ಣು ಖಂಡಿತ. ಅಳತೆ ತೆಗೆದವರು ಯಾರು, ಗಾಲಿ ಹೋದರೆ ರಿಪೇರಿ ಎಲ್ಲಿ ಎಂಬುದನ್ನು ಪ್ರಕಟಣೆಯಲ್ಲೇ ಬರೆಯಿರಿ. ಅದು ಸುದ್ದಿ. ಫೋಟೊ ಬೇಡ ಎಂದವರಿಗೂ ಕುರ್ಚಿ ಸಿಗಬೇಕು. ಒಪ್ಪಿದವರ ಫೋಟೊ ತೆಗೆಯುವಾಗ ಕ್ಯಾಮೆರಾ ಅವರ ಕಣ್ಣಿನ ಮಟ್ಟಕ್ಕೆ ಇಳಿಯಲಿ, ಅಧ್ಯಕ್ಷರೂ ಒಂದು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂರಲಿ.

ಆಟಿಸಂ ಇರುವ ನನ್ನ ಮಗ ಶಿಬಿರವೊಂದರಲ್ಲಿ ಅಳುತ್ತಿದ್ದುದನ್ನು ಸ್ಥಳೀಯ ವೆಬ್ ಚಾನೆಲಿನವರು ನಮ್ಮನ್ನು ಕೇಳದೆ ವಿಡಿಯೊ ಮಾಡಿ ಹಾಕಿದ್ದಾರೆ. ಹಿನ್ನೆಲೆಗೆ ಶೋಕದ ಸಂಗೀತ ಬೇರೆ. ತೆಗೆಸುವುದು ಹೇಗೆ?
– ಒಬ್ಬ ತಾಯಿ, ಕಾರ್ಕಳ

ಮೊದಲು ಸಾಕ್ಷ್ಯ. ಲಿಂಕ್ ನಕಲಿಸಿಡಿ. ದಿನಾಂಕ, ಗಂಟೆ, ಚಾನೆಲ್ ಹೆಸರು ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆಯಿರಿ, ಸಾಧ್ಯವಾದರೆ ವಿಡಿಯೊವನ್ನೂ ಇಳಿಸಿಟ್ಟುಕೊಳ್ಳಿ. ಸಿಟ್ಟಿನಲ್ಲಿ ಕೆಳಗೆ ಕಮೆಂಟ್ ಹಾಕಿದರೆ ಅವರು ವಿಡಿಯೊ ಅಳಿಸಿ ‘ಹಾಕಿಯೇ ಇರಲಿಲ್ಲ’ ಎಂದುಬಿಡಬಹುದು.

ಆಮೇಲೆ ಚಾನೆಲಿಗೆ ಲಿಖಿತ ದೂರು. 2021ರ ಐಟಿ ನಿಯಮಗಳ ಪ್ರಕಾರ ಡಿಜಿಟಲ್ ಸುದ್ದಿ ಪ್ರಕಾಶಕರು ಕುಂದುಕೊರತೆ ಅಧಿಕಾರಿಯನ್ನು ನೇಮಿಸಿರಬೇಕು. ದೂರು ತಲುಪಿದ್ದನ್ನು 24 ಗಂಟೆಯೊಳಗೆ ತಿಳಿಸಿ, 15 ದಿನದೊಳಗೆ ತೀರ್ಮಾನ ಕೊಡಬೇಕು. ಯೂಟ್ಯೂಬ್, ಫೇಸ್‌ಬುಕ್‌ಗಳಲ್ಲಿ ಖಾಸಗಿತನದ ಕಾರಣ ಕೊಟ್ಟು ಬೇರೆಯಾಗಿಯೂ ದೂರು ಕೊಡಿ. ಕೆಲವೊಮ್ಮೆ ಅದೇ ಬೇಗ ಫಲ ಕೊಡುತ್ತದೆ. ಮುದ್ರಿತ ಪತ್ರಿಕೆಯಾದರೆ ಸಂಪಾದಕರಿಗೆ ಮೊದಲು ಪತ್ರ, ಸರಿಯಾಗದಿದ್ದರೆ ಭಾರತೀಯ ಪತ್ರಿಕಾ ಮಂಡಳಿಗೆ. ದಿನಪತ್ರಿಕೆ, ವಾರಪತ್ರಿಕೆಗಳಿಗೆ ಪ್ರಕಟವಾದ ಎರಡು ತಿಂಗಳೊಳಗೆ ಮಂಡಳಿಗೆ ದೂರು ಹೋಗಬೇಕು. ಮಂಡಳಿ ದಂಡ ಹಾಕಲಾರದು, ಛೀಮಾರಿ ಹಾಕಬಲ್ಲದು. ಟಿವಿ ಅದರ ವ್ಯಾಪ್ತಿಗೆ ಬರುವುದಿಲ್ಲ.

ಪತ್ರದಲ್ಲಿ ಅಳಲು ತೋಡಿಕೊಳ್ಳಬೇಡಿ. ಎಷ್ಟನೇ ನಿಮಿಷದಲ್ಲಿ ಏನಿದೆ, ಒಪ್ಪಿಗೆ ಕೇಳಿದ್ದರೇ, ನಿಮಗೆ ಬೇಕಾದ್ದು ಏನು (ತೆಗೆಯುವುದು, ಕ್ಷಮೆ, ಎರಡೂ), ಇಷ್ಟೇ ಇರಲಿ. ಸುಪ್ರೀಂ ಕೋರ್ಟಿನ 2024ರ ಜುಲೈ 8ರ ತೀರ್ಪನ್ನು ಉಲ್ಲೇಖಿಸಿ. ಹಿಂದಿ ಚಿತ್ರವೊಂದರ ಕುರಿತ ಆ ಪ್ರಕರಣದಲ್ಲಿ ನ್ಯಾಯಾಲಯ ದೃಶ್ಯ ಮಾಧ್ಯಮಗಳಿಗೆ ಮಾರ್ಗಸೂಚಿ ಕೊಟ್ಟಿದೆ. ಹೀನಾಯ ಪದ ಬೇಡ, ಏಕಮುಖ ಚಿತ್ರಣ ಬೇಡ, ವಿಕಲಚೇತನರ ಜತೆ ಸಮಾಲೋಚಿಸಿಯೇ ತೋರಿಸಿ ಎಂಬುದು ಅದರ ಸಾರ.

ವಿಕಲಚೇತನರ ಹಕ್ಕುಗಳ ಕಾಯ್ದೆಯ 92ನೇ ಸೆಕ್ಷನ್ನಿನಲ್ಲಿ ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು ಇದೆಯಲ್ಲ ಎಂದು ಯಾರಾದರೂ ಹೇಳಿಯಾರು. ಅದು ಸಾರ್ವಜನಿಕವಾಗಿ ಬೇಕೆಂದೇ ಅವಮಾನಿಸಿದ್ದಕ್ಕೆ. ಕನಿಕರದ ವಿಡಿಯೊದಲ್ಲಿ ಆ ಉದ್ದೇಶ ಸಾಬೀತು ಮಾಡುವುದು ಕಷ್ಟ. ಅದರಿಂದಲೇ ಶುರು ಮಾಡಿದರೆ ಚಾನೆಲಿನವರು ವಕೀಲರ ಹಿಂದೆ ಅಡಗುತ್ತಾರೆ, ವಿಡಿಯೊ ಅಲ್ಲೇ ಉಳಿಯುತ್ತದೆ.

ಲೈಂಗಿಕ ದೌರ್ಜನ್ಯದ ಪ್ರಕರಣವಾದರೆ ಮಾತ್ರ ಕಾಯಬೇಡಿ. ಮಗುವಿನ ಹೆಸರು, ಫೋಟೊ, ಶಾಲೆ, ಮನೆಯವರ ವಿವರ, ನೆರೆಹೊರೆ ಯಾವುದನ್ನು ಹಾಕಿದರೂ ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ಅಪರಾಧ. ‘ಇಂಥ ಗ್ರಾಮದ ಮಾತು ಬಾರದ ಬಾಲಕಿ’ ಎಂದರೆ ಸಣ್ಣ ಊರಿನಲ್ಲಿ ಹೆಸರು ಹೇಳಿದ ಹಾಗೆಯೇ.

‘ಮಾನಸಿಕ ಅಸ್ವಸ್ಥನಿಂದ ಹಲ್ಲೆ’ ಎಂಬ ಸುದ್ದಿ ಆಗಾಗ ಓದುತ್ತೇವೆ. ಹೀಗೆ ಬರೆಯಬಹುದೇ?
– ಓದುಗ, ಸುರತ್ಕಲ್

ಘಟನೆ ನಡೆದ ಸಂಜೆಯೇ ಹಾಗೆ ಬರೆದಿದ್ದರೆ ಅದು ಠಾಣೆಯ ಅಂದಾಜು ಅಥವಾ ಅಕ್ಕಪಕ್ಕದವರ ಮಾತು. ವೈದ್ಯರು ಹೇಳಿದ್ದಾರೆಯೇ, ಘಟನೆಗೂ ಕಾಯಿಲೆಗೂ ಸಂಬಂಧವಿದೆಯೇ ಎಂಬ ಎರಡಕ್ಕೂ ಉತ್ತರ ಸಿಗುವವರೆಗೆ ಆ ಪದ ಬರಬಾರದು. ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಚಿಕಿತ್ಸೆಯಲ್ಲಿರುವವರ ಫೋಟೊ, ಮಾಹಿತಿಯನ್ನು ಅವರ ಒಪ್ಪಿಗೆಯಿಲ್ಲದೆ ಮಾಧ್ಯಮಕ್ಕೆ ಕೊಡುವುದನ್ನು 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 24ನೇ ಸೆಕ್ಷನ್ ತಡೆಯುತ್ತದೆ. ಬೌದ್ಧಿಕ ವೈಕಲ್ಯ ಬೇರೆ, ಮನೋರೋಗ ಬೇರೆ. ಎರಡನ್ನೂ ಒಂದೇ ಪದದಲ್ಲಿ ಕಟ್ಟುವ ಡೆಸ್ಕುಗಳು ಇನ್ನೂ ಇವೆ.

ಎಂಡೋಸಲ್ಫಾನ್ ಎಂದಾಗಲೆಲ್ಲ ಅದೇ ಮಕ್ಕಳ ಅದೇ ಫೋಟೊ. ನಮ್ಮೂರಿಗೆ ಬರುವ ಪತ್ರಕರ್ತರು ಅದನ್ನಷ್ಟೇ ಕೇಳುತ್ತಾರೆ.
– ಓದುಗರು, ಕೊಕ್ಕಡ

ಆ ಚಿತ್ರಗಳಿಗೂ ಒಂದು ಕಾಲವಿತ್ತು. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸಿಂಪಡಿಸಿದ ಎಂಡೋಸಲ್ಫಾನ್ ಎಂಬ ಕೀಟನಾಶಕಕ್ಕೂ ಮಕ್ಕಳ ಸ್ಥಿತಿಗೂ ಸಂಬಂಧವಿಲ್ಲ ಎನ್ನುತ್ತಿದ್ದವರ ಎದುರು ಅವು ಸಾಕ್ಷಿ ನುಡಿದವು. ಸಿಂಪರಣೆ ನಿಂತು ಎರಡು ದಶಕ ದಾಟಿದೆ, 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ದೇಶಾದ್ಯಂತ ತಡೆಯೊಡ್ಡಿದೆ. ಸಾಬೀತಾಗಬೇಕಿದ್ದುದು ಮುಗಿದ ಮೇಲೂ, ನೆಲದ ಮೇಲೆ ಮಲಗಿದವರನ್ನು ಮೇಲಿನಿಂದ ಅರೆಬಟ್ಟೆಯಲ್ಲಿ ತೆಗೆಯುವುದಕ್ಕೆ ಯಾವ ಸಮರ್ಥನೆಯೂ ಇಲ್ಲ. ಅಂದಿನ ಮಕ್ಕಳು ಈಗ ವಯಸ್ಕರು. ಹಳೆಯ ಫೋಟೊವನ್ನೇ ಹಾಕುವುದು ವಾಸ್ತವಕ್ಕೂ ದೂರ.

ಬರುವ ಪತ್ರಕರ್ತರ ಕೈಗೆ ನೀವೇ ಪ್ರಶ್ನೆ ಕೊಡಿ. ಮಾಸಾಶನ ಯಾವ ತಿಂಗಳದ್ದು ಬಾಕಿ? ಹಗಲು ಪಾಲನಾ ಕೇಂದ್ರಕ್ಕೆ ವಾಹನ ಎಷ್ಟು ದೂರದವರೆಗೆ ಬರುತ್ತದೆ, ಅಲ್ಲಿ ಫಿಸಿಯೋಥೆರಪಿಸ್ಟ್ ವಾರದಲ್ಲಿ ಎಷ್ಟು ದಿನ? ಡೈಪರ್, ಔಷಧದ ತಿಂಗಳ ಖರ್ಚೆಷ್ಟು? ಅಪ್ಪ ಅಮ್ಮನಿಗೆ ಎಪ್ಪತ್ತಾದ ಮನೆಗಳೆಷ್ಟು, ಅವರ ನಂತರ ನೋಡಿಕೊಳ್ಳುವವರು ಯಾರು? ಈ ಕೊನೆಯ ಪ್ರಶ್ನೆಗೆ ಸರ್ಕಾರದಿಂದ ಉತ್ತರ ತಂದವರಿಗೆ ಮಾತ್ರ ಫೋಟೊಕ್ಕೆ ಒಪ್ಪಿಗೆ ಕೊಟ್ಟರೂ ತಪ್ಪಿಲ್ಲ.

ಕಿವಿ ಕೇಳದವರ ಸಂದರ್ಶನ ಮಾಡಬೇಕಿದೆ. ಏನು ಗಮನಿಸಬೇಕು?
– ಪತ್ರಿಕೋದ್ಯಮ ವಿದ್ಯಾರ್ಥಿನಿ, ಮಣಿಪಾಲ

ಮನೆಯವರನ್ನು ದುಭಾಷಿ ಮಾಡಬೇಡಿ. ಐದು ನಿಮಿಷ ಕೈಯಲ್ಲಿ ಹೇಳಿದ್ದನ್ನು ಅವರು ‘ಖುಷಿಯಾಗಿದೆಯಂತೆ’ ಎಂದು ಮುಗಿಸುತ್ತಾರೆ. ಸಂಜ್ಞೆ ಭಾಷೆ ಬಲ್ಲ ದುಭಾಷಿಗೆ ಸಂಭಾವನೆ ಕೊಟ್ಟು ಕರೆಸಿ, ನಿಮ್ಮ ಪಕ್ಕದಲ್ಲಿ ಕೂರಿಸಿ. ನೋಟ, ಪ್ರಶ್ನೆ ಎರಡೂ ಸಂದರ್ಶನ ಕೊಡುವವರ ಕಡೆಗಿರಲಿ. ‘ಅವರಿಗೆ ಕೇಳಿ’ ಅನ್ನಬೇಡಿ, ‘ನೀವು’ ಎಂದೇ ಕೇಳಿ. ಬೆನ್ನ ಹಿಂದೆ ಕಿಟಕಿ ಇದ್ದರೆ ಮುಖ, ಕೈ ಕತ್ತಲಾಗುತ್ತವೆ. ವಿಡಿಯೊದಲ್ಲಿ ಸೊಂಟದಿಂದ ತಲೆಯ ಮೇಲಿನವರೆಗೆ ಚೌಕಟ್ಟು ಬೇಕು, ಕೆಳಗೆ ಓಡುವ ಸುದ್ದಿಪಟ್ಟಿ ಕೈಯನ್ನು ಮುಚ್ಚಬಾರದು. ಚೀಟಿಯಲ್ಲಿ ಬರೆದು ಕೇಳುವುದು ಎಲ್ಲರಿಗೂ ಸರಿಹೋಗದು. ಸಂಜ್ಞೆಯಲ್ಲೇ ಬೆಳೆದವರಿಗೆ ಲಿಖಿತ ಕನ್ನಡ ಎರಡನೇ ಭಾಷೆ.

ದೃಷ್ಟಿ ಇಲ್ಲದ ನಾನು ಮೊಬೈಲಿನ ಸ್ಕ್ರೀನ್ ರೀಡರಿನಲ್ಲಿ ಪತ್ರಿಕೆ ಕೇಳುತ್ತೇನೆ. ಇ-ಪೇಪರ್ ಮಾತ್ರ ಮಾತಾಡುವುದೇ ಇಲ್ಲ.
– ಓದುಗ, ಕುಂದಾಪುರ

ಇ-ಪೇಪರಿನ ಪುಟ ಬಹುತೇಕ ಒಂದು ಚಿತ್ರ. ಅದರಲ್ಲಿ ಅಕ್ಷರಗಳಿಲ್ಲ, ಅಕ್ಷರಗಳ ಫೋಟೊ ಇದೆ. ವಾಟ್ಸ್‌ಆ್ಯಪ್‌ನಲ್ಲಿ ಬರುವ ಸುದ್ದಿ ಕಾರ್ಡುಗಳೂ ಹಾಗೆಯೇ. ಕೆಲವು ಪಿಡಿಎಫ್‌ಗಳಲ್ಲಿ ಅಕ್ಷರವಿದ್ದರೂ ಹಳೆಯ ನುಡಿ, ಬರಹ ಫಾಂಟಿನವು. ಕಣ್ಣಿಗೆ ಕನ್ನಡ, ಯಂತ್ರಕ್ಕೆ ಅರ್ಥವಿಲ್ಲದ ಲ್ಯಾಟಿನ್ ಚಿಹ್ನೆಗಳು. ಟಾಕ್‌ಬ್ಯಾಕ್, ಎನ್‌ವಿಡಿಎಯಂಥ ಸ್ಕ್ರೀನ್ ರೀಡರುಗಳು ಅದನ್ನು ಓದಿದರೆ ಗೊಣಗಾಟ ಕೇಳುತ್ತದೆ. ಮುದ್ರಣ, ವಿದ್ಯುನ್ಮಾನ ಮಾಧ್ಯಮದ ವಿಷಯ ಎಲ್ಲರಿಗೂ ಎಟಕುವಂತೆ ಸರ್ಕಾರ ಕ್ರಮ ಕೈಗೊಳ್ಳಬೇಕೆಂದು ವಿಕಲಚೇತನರ ಹಕ್ಕುಗಳ ಕಾಯ್ದೆಯ 42ನೇ ಸೆಕ್ಷನ್ ಹೇಳುತ್ತದೆ.

ಸದ್ಯಕ್ಕೆ ಪತ್ರಿಕೆಯ ಜಾಲತಾಣದ ಸುದ್ದಿ ಪುಟಗಳನ್ನೇ ತೆರೆಯಿರಿ, ಅವು ಹೆಚ್ಚಾಗಿ ಯಂತ್ರವೂ ಓದಬಲ್ಲ ಯುನಿಕೋಡ್‌ ಅಕ್ಷರದಲ್ಲಿರುತ್ತವೆ. ಸಂಪಾದಕರಿಗೆ ಬರೆಯುವಾಗ ಕೇಳಬೇಕಾದ್ದು ಮೂರು: ಪ್ರತಿ ಕಾರ್ಡಿನ ಕೆಳಗೆ ಅದೇ ಪಠ್ಯ ಯುನಿಕೋಡ್‌ನಲ್ಲಿ, ಫೋಟೊಗಳಿಗೆ ಒಂದು ಸಾಲಿನ ಪರ್ಯಾಯ ವಿವರಣೆ, ಇ-ಪೇಪರಿನ ಪ್ರತಿ ಸುದ್ದಿಗೂ ಪಠ್ಯ ರೂಪ. ಡೆಸ್ಕಿನವರು ತಾವೇ ಪರೀಕ್ಷಿಸಿಕೊಳ್ಳಬಹುದು: ಪುಟದ ಒಂದು ಸಾಲನ್ನು ನಕಲಿಸಿ ವಾಟ್ಸ್‌ಆ್ಯಪ್‌ಗೆ ಅಂಟಿಸಿ. ಕನ್ನಡವೇ ಬಂದರೆ ನಿಮ್ಮ ಮೊಬೈಲೂ ಓದುತ್ತದೆ. ಸಾಲನ್ನು ಆಯ್ದುಕೊಳ್ಳಲಿಕ್ಕೇ ಆಗದಿದ್ದರೆ ಅದು ಚಿತ್ರ.